‘ಅಂತೆ’ ಕಂಡಲ್ಲೆಲ್ಲ ಉಪಮೆ: ಎಂಟನೆಯ ತರಗತಿಯ ಒಂದು ಪ್ರಕರಣ ಅಧ್ಯಯನ

ಉತ್ತರ ಪತ್ರಿಕೆಯಲ್ಲಿ ಕಂಡದ್ದು

ಎಂಟನೆಯ ತರಗತಿಯ ಪ್ರಥಮ ಭಾಷೆ ಕನ್ನಡದ ಒಂದು ಕಿರುಪರೀಕ್ಷೆಯಲ್ಲಿ, ಕೊಟ್ಟ ಗದ್ಯಭಾಗದಿಂದ ಉಪಮಾಲಂಕಾರವಿರುವ ಒಂದು ವಾಕ್ಯವನ್ನು ಆರಿಸಿ, ಅದರ ನಾಲ್ಕು ಅಂಗಗಳನ್ನು (ಹೋಲಿಸಲ್ಪಡುವ ಉಪಮೇಯ, ಯಾವುದಕ್ಕೆ ಹೋಲಿಸಲಾಗಿದೆಯೋ ಆ ಉಪಮಾನ, ಹೋಲಿಕೆಯನ್ನು ಸೂಚಿಸುವ ಉಪಮಾವಾಚಕ, ಎರಡಕ್ಕೂ ಸಾಮಾನ್ಯವಾದ ಸಮಾನಧರ್ಮ) ಬರೆದು ಸಮನ್ವಯಿಸಲು ಕೇಳಿದ್ದೆ. ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದಿದ್ದಳು: “ಉಪಮೇಯ: ಹುಡುಗ. ಉಪಮಾನ: ಅಜ್ಜಿ. ಉಪಮಾವಾಚಕ: ಅಂತೆ. ಸಮಾನಧರ್ಮ: ಬಾವಿಯ ಕಡೆಗೆ ಹೋಗದಿರುವುದು. ಸಮನ್ವಯ: ಇಲ್ಲಿ ಉಪಮೇಯವಾದ ಹುಡುಗನನ್ನು ಉಪಮಾನವಾದ ಅಜ್ಜಿಗೆ ಹೋಲಿಸಲಾಗಿದೆ. ಆದ್ದರಿಂದ ಇದು ಉಪಮಾಲಂಕಾರ.” ಅವಳು ಆರಿಸಿಕೊಂಡಿದ್ದ ವಾಕ್ಯ “ಅಜ್ಜಿ ಹೇಳಿದಂತೆ ಹುಡುಗನು ಬಾವಿಯ ಕಡೆಗೆ ಹೋಗಲಿಲ್ಲ” ಎಂಬುದಾಗಿತ್ತು.

ಅಕ್ಷರ ದುಂಡಾಗಿತ್ತು, ಒಂದು ಕಾಗುಣಿತ ದೋಷವೂ ಇರಲಿಲ್ಲ, ಕೇಳಿದ ನಾಲ್ಕು ಅಂಗಗಳಲ್ಲಿ ಒಂದನ್ನೂ ಅವಳು ಖಾಲಿ ಬಿಟ್ಟಿರಲಿಲ್ಲ. ಮೊದಲು ನಗು ಬಂತು. ಅದೇ ಕಟ್ಟಿನ ನಾಲ್ಕನೆಯ ಪತ್ರಿಕೆಗೆ ಬರುವಷ್ಟರಲ್ಲಿ ನಗು ಹೋಗಿತ್ತು, ಏಕೆಂದರೆ ಅಲ್ಲಿ “ಆ ಬಾವಿಯಲ್ಲಿ ಹಿಂದೆ ನೀರು ಉಕ್ಕುತ್ತಿತ್ತಂತೆ” ಎಂಬ ವಾಕ್ಯವನ್ನು ಆರಿಸಿ, ನೀರನ್ನು ಉಪಮೇಯವೆಂದೂ ಬಾವಿಯನ್ನು ಉಪಮಾನವೆಂದೂ ಬರೆಯಲಾಗಿತ್ತು. ಇನ್ನೊಬ್ಬ ಹುಡುಗ “ಕಾಲು ಜಾರದಂತೆ ಹಗ್ಗವನ್ನು ಬಿಗಿಯಾಗಿ ಹಿಡಿದನು” ಎಂಬಲ್ಲಿ ಕಾಲನ್ನು ಹಗ್ಗಕ್ಕೆ ಹೋಲಿಸಿದ್ದ. ಗದ್ಯಭಾಗವನ್ನು ಬರೆದವಳು ನಾನೇ. ಅದರಲ್ಲಿ ಉಪಮೆ ಇದ್ದದ್ದು ಒಂದೇ ಕಡೆ: “ತಳದಲ್ಲಿದ್ದ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು.” ಉಳಿದ ಮೂರು ‘ಅಂತೆ’ಗಳು ಕಥೆ ಬರೆಯುವಾಗ ತಾವಾಗಿಯೇ ಬಂದವು, ಮಕ್ಕಳನ್ನು ಬಲೆಗೆ ಕೆಡಹುವ ಉದ್ದೇಶ ನನಗಿರಲಿಲ್ಲ. ಆದರೂ ತರಗತಿಯ 26 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಮೂರರಲ್ಲಿ ಒಂದನ್ನು ಆರಿಸಿದ್ದರು. ಕಾರಣ ಸರಳವಾಗಿತ್ತು: ಅವು ಕಥೆಯಲ್ಲಿ ಮೊದಲು ಬಂದಿದ್ದವು, ಮೊದಲು ಸಿಕ್ಕ ‘ಅಂತೆ’ಯ ಕೆಳಗೆ ಗೆರೆ ಎಳೆದು ಮಕ್ಕಳು ಮುಂದೆ ಓದುವುದನ್ನು ನಿಲ್ಲಿಸಿದ್ದರು.

ಶಾಲೆ ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಸುತ್ತ ಕಬ್ಬಿನ ಗದ್ದೆ, ಅಲ್ಲೊಂದು ಇಲ್ಲೊಂದು ಆಲೆಮನೆ. ಮಕ್ಕಳೆಲ್ಲರ ಮನೆಮಾತು ಕನ್ನಡವೇ, ಮತ್ತು ಆ ಮನೆಮಾತು ಹೋಲಿಕೆಗಳಿಂದ ತುಂಬಿ ತುಳುಕುವಂಥದ್ದು. ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲಿ ನಿಂತು ಹತ್ತು ನಿಮಿಷ ಕೇಳಿಸಿಕೊಂಡರೆ ಒಂದು ಪುಟ ತುಂಬುವಷ್ಟು ಉಪಮೆ ಸಿಗುತ್ತವೆ. ಹಾಗಿದ್ದೂ ಈ ಮಕ್ಕಳು ಬರವಣಿಗೆಯಲ್ಲಿ ಅಜ್ಜಿಯನ್ನು ಉಪಮಾನ ಮಾಡಿದ್ದು ಏಕೆ ಎಂಬುದು ಈ ಪ್ರಕರಣದ ಪ್ರಶ್ನೆ.

ನಾನು ಕಲಿಸಿದ ಬಗೆ

ಉತ್ತರವನ್ನು ದೂರ ಹುಡುಕಬೇಕಾಗಿರಲಿಲ್ಲ. ನನ್ನ ಪಾಠಯೋಜನೆಯಲ್ಲಿಯೇ ಅದು ಇತ್ತು. ಕಪ್ಪುಹಲಗೆಯ ಮೇಲೆ ಉಪಮಾಲಂಕಾರದ ಲಕ್ಷಣವನ್ನು ಬರೆದೆ: ಎರಡು ವಸ್ತುಗಳಿಗಿರುವ ಸಾದೃಶ್ಯವನ್ನು ಸುಂದರವಾಗಿ ಹೋಲಿಸಿ ವರ್ಣಿಸುವುದು. ನಾಲ್ಕು ಅಂಗಗಳನ್ನು ಹೇಳಿದೆ. ವರ್ಷಗಳಿಂದ ಎಲ್ಲ ಶಾಲೆಗಳಲ್ಲಿಯೂ ಓಡುತ್ತಿರುವ “ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು” ಎಂಬ ಉದಾಹರಣೆಯನ್ನು ಕೊಟ್ಟೆ. ಬಳಿಕ ಎರಡು ವಸ್ತುಗಳನ್ನು ಒಂದೇ ಎಂದು ಹೇಳುವ ರೂಪಕಕ್ಕೆ “ಸೀತೆಯ ಮುಖಕಮಲ ಅರಳಿತು” ಎಂಬುದನ್ನು ಕೊಟ್ಟು, ಕೊನೆಗೆ ಪರೀಕ್ಷೆಯ ದೃಷ್ಟಿಯಿಂದ ಒಂದು ಸೂತ್ರವನ್ನೂ ಬರೆಸಿದೆ: “ಅಂತೆ, ಹಾಗೆ, ವೋಲ್, ತೆರದಿ ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ.”

ಈ ಸೂತ್ರವನ್ನು ನನಗೂ ನನ್ನ ಶಾಲಾ ದಿನಗಳಲ್ಲಿ ಯಾರೋ ಬರೆಸಿದ್ದರು, ಅದರಿಂದ ನನಗೆ ಅಂಕಗಳೂ ಬಂದಿದ್ದವು. ಅಂಕ ತಂದುಕೊಡುವ ಸೂತ್ರವನ್ನು ಯಾವ ಶಿಕ್ಷಕರೂ ಸುಲಭವಾಗಿ ಕೈಬಿಡುವುದಿಲ್ಲ. ಅದರ ತೊಂದರೆ ಗೊತ್ತಾಗದೆ ಉಳಿಯುವುದಕ್ಕೂ ಕಾರಣವಿದೆ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ “ಈ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಿಸಿ” ಎಂದು ಕೇಳುತ್ತೇವೆ. ಅಂದರೆ ಅಲಂಕಾರ ಇದ್ದೇ ಇದೆ ಎಂಬ ಭರವಸೆಯನ್ನು ಪ್ರಶ್ನೆಯೇ ಕೊಡುತ್ತದೆ. ಇದೆಯೋ ಇಲ್ಲವೋ ಎಂದು ನಿರ್ಣಯಿಸುವ ಕೆಲಸ ಮಗುವಿನ ಪಾಲಿಗೆ ಬರುವುದೇ ಇಲ್ಲ. ಈ ಬಾರಿ ನಾನು ವಾಕ್ಯವನ್ನು ಕೊಡದೆ ಗದ್ಯಭಾಗದಿಂದ ಆರಿಸಿಕೊಳ್ಳಲು ಹೇಳಿದ್ದರಿಂದ, ವರ್ಷಗಳಿಂದ ಮುಚ್ಚಿಹೋಗಿದ್ದ ಬಿರುಕು ಹೊರಗೆ ಕಂಡಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಆ ನಾಲ್ಕು ಅಂಗಗಳಲ್ಲಿ ಮಕ್ಕಳು ಉಪಮಾವಾಚಕವನ್ನು ಮೊದಲು ತುಂಬುತ್ತಿದ್ದರು, ಅದರ ಹಿಂದಿನ ಪದವನ್ನು ಉಪಮಾನದ ಮನೆಗೆ ಹಾಕುತ್ತಿದ್ದರು, ವಾಕ್ಯದ ಕರ್ತೃವನ್ನು ಉಪಮೇಯವಾಗಿಸುತ್ತಿದ್ದರು, ಕ್ರಿಯಾಪದದಲ್ಲಿ ಉಳಿದದ್ದನ್ನು ಸಮಾನಧರ್ಮವೆನ್ನುತ್ತಿದ್ದರು. “ಮದಗಜಗಳಂತೆ ಹೋರಾಡಿದರು” ಎಂಬಲ್ಲಿ ಈ ಕ್ರಮದಿಂದಲೂ ಸರಿಯಾದ ಉತ್ತರವೇ ಬರುತ್ತದೆ. ಮದವೇರಿದ ಆನೆಯನ್ನು ನೋಡಿರದ ಮಗುವಿಗೂ, ಆನೆಯ ಕಾದಾಟವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳದ ಮಗುವಿಗೂ ಪೂರ್ಣಾಂಕ ಬರುತ್ತದೆ.

ಒಂದು ‘ಅಂತೆ’, ಹಲವು ಕೆಲಸ

ಮರುಬೋಧನೆಗೆ ಮೊದಲು ‘ಅಂತೆ’ ಎಂಬ ಈ ರೂಪ ಕನ್ನಡದಲ್ಲಿ ಏನೇನು ಮಾಡುತ್ತದೆ ಎಂದು ನಾನೇ ಕುಳಿತು ಪಟ್ಟಿ ಮಾಡಿದೆ. “ಕನ್ನಡಿಯಂತೆ ಹೊಳೆಯಿತು” ಎಂಬಲ್ಲಿ ಅದು ಸಾದೃಶ್ಯವನ್ನು ಹೇಳುತ್ತದೆ. “ಅಜ್ಜಿ ಹೇಳಿದಂತೆ ಮಾಡಿದನು” ಎಂಬಲ್ಲಿ ಅನುಸರಣೆಯನ್ನು ಹೇಳುತ್ತದೆ. “ಕಾಲು ಜಾರದಂತೆ ಹಿಡಿದನು” ಎಂಬಲ್ಲಿ ಉದ್ದೇಶವನ್ನು, “ನೀರು ಉಕ್ಕುತ್ತಿತ್ತಂತೆ” ಎಂಬಲ್ಲಿ ತಾನು ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಎಂಬುದನ್ನು ಹೇಳುತ್ತದೆ. ಇವಲ್ಲದೆ “ಎಂದಿನಂತೆ ಶಾಲೆಗೆ ಬಂದನು”, “ನಿಯಮದಂತೆ ದಂಡ ಕಟ್ಟಿದನು” ಎಂಬ ಪ್ರಯೋಗಗಳಿವೆ; ಇಲ್ಲಿ ನಾಮಪದದ ಮೇಲೆಯೇ ‘ಅಂತೆ’ ಬಂದರೂ ಕವಿತ್ವದ ಹೋಲಿಕೆಯೇನೂ ಇಲ್ಲ.

ನಾಮಪದದ ಮೇಲೆ ಬಂದರೆ ಉಪಮೆ, ಕ್ರಿಯೆಯ ಮೇಲೆ ಬಂದರೆ ಅಲ್ಲ ಎಂಬ ಹೊಸ ಸೂತ್ರವನ್ನು ಕೊಟ್ಟುಬಿಡೋಣವೆಂದು ಒಂದು ಕ್ಷಣ ಅನಿಸಿದ್ದುಂಟು. ‘ಎಂದಿನಂತೆ’ ಅದನ್ನು ಒಂದು ಕಡೆಯಿಂದ ಮುರಿಯಿತು. “ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ” ಎಂಬ ಮಾತು ಇನ್ನೊಂದು ಕಡೆಯಿಂದ ಮುರಿಯಿತು, ಏಕೆಂದರೆ ಅಲ್ಲಿ ‘ಅಂತೆ’ ಬಂದಿರುವುದು ಕೃದಂತದ, ಅಂದರೆ ಕ್ರಿಯೆಯಿಂದಾದ ‘ತೊಳೆದ’ ಎಂಬ ರೂಪದ ಮೇಲೆ, ಆದರೆ ಹೋಲಿಕೆ ಮಾತ್ರ ಅಪ್ಪಟ.

ಆದರೆ ಮಕ್ಕಳ ಆಡುಮಾತಿನಲ್ಲಿ ಒಂದು ಜರಡಿ ಸಿದ್ಧವಾಗಿಯೇ ಇತ್ತು, ಅದನ್ನು ನಾನು ಗಮನಿಸಿರಲಿಲ್ಲ. ನಮ್ಮ ಕಡೆ ಯಾರೂ ಮಾತಿನಲ್ಲಿ ‘ಕನ್ನಡಿಯಂತೆ’ ಎನ್ನುವುದಿಲ್ಲ. ‘ಕನ್ನಡಿ ಹಂಗೆ’ ಎನ್ನುತ್ತಾರೆ. ‘ಹೇಳ್ದಂಗೆ’, ‘ಜಾರ್ದಂಗೆ’ ಎನ್ನುತ್ತಾರೆ. ಕೇಳಿದ ಸುದ್ದಿಯನ್ನು ಹೇಳುವಾಗ ಮಾತ್ರ ‘ಅಂತೆ’ ಉಳಿಯುತ್ತದೆ: “ನೀರು ಉಕ್ತಿತ್ತಂತೆ.” ಗ್ರಂಥಭಾಷೆಯಲ್ಲಿ ಒಂದೇ ರೂಪದೊಳಗೆ ಸೇರಿಕೊಂಡಿರುವ ಎರಡು ಅರ್ಥಗಳನ್ನು ಈ ಊರಿನ ಮಾತು ಎರಡು ರೂಪಗಳಾಗಿ ಬೇರೆಯಿಟ್ಟುಕೊಂಡಿದೆ. ಮರುದಿನ ತರಗತಿಯಲ್ಲಿ ನಾಲ್ಕೂ ವಾಕ್ಯಗಳನ್ನು “ಮನೇಲಿ ಹೇಳೋ ಹಂಗೆ ಹೇಳಿ” ಎಂದೆ. “ನೀರು ಉಕ್ತಿತ್ತಂಗೆ” ಎಂದು ಒಬ್ಬ ಹೇಳಿ ನೋಡಿದ, ಇಡೀ ತರಗತಿ ನಕ್ಕಿತು. ಆ ನಗುವಿನಲ್ಲಿ ಒಂದು ‘ಅಂತೆ’ ಸೋಸಿ ಹೊರಬಿತ್ತು, ಲಕ್ಷಣವಾಕ್ಯದ ಸಹಾಯವಿಲ್ಲದೆ. ಉಳಿದ ಮೂರನ್ನು ಈ ಜರಡಿ ಹಿಡಿಯಲಿಲ್ಲ. ಅಲ್ಲಿಂದ ಮುಂದೆ ಅರ್ಥವನ್ನೇ ಕೇಳಬೇಕಾಯಿತು.

ಈ ಗೊಂದಲ ನಮ್ಮ ಮಕ್ಕಳದ್ದು ಮಾತ್ರವಲ್ಲ ಎಂಬುದು ನನಗೆ ಸಮಾಧಾನ ತಂದ ಸಂಗತಿ. ನಾವು ಶಾಲೆಯಲ್ಲಿ ಕಲಿಸುವ ಅಲಂಕಾರಗಳ ಚೌಕಟ್ಟು ಕನ್ನಡಕ್ಕೆ ಬಂದದ್ದು ಬಹುಮಟ್ಟಿಗೆ ಸಂಸ್ಕೃತ ಲಾಕ್ಷಣಿಕ ದಂಡಿಯ ‘ಕಾವ್ಯಾದರ್ಶ’ದ ದಾರಿಯಲ್ಲಿ, ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ ಅದನ್ನೇ ಆಧಾರವಾಗಿಟ್ಟುಕೊಂಡಿದೆ. ದಂಡಿ ಸಾದೃಶ್ಯವನ್ನು ಸೂಚಿಸುವ ಮಾತುಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ನಮ್ಮ ‘ಅಂತೆ’ಗೆ ಸಮನಾದ ‘ಇವ’, ‘ಯಥಾ’ಗಳಷ್ಟೇ ಅಲ್ಲದೆ ‘ಸ್ಪರ್ಧಿಸುತ್ತದೆ’, ‘ಗೆಲ್ಲುತ್ತದೆ’, ‘ದ್ವೇಷಿಸುತ್ತದೆ’ ಎಂಬ ಅರ್ಥದ ಕ್ರಿಯಾಪದಗಳೂ ಇವೆ. ಅಂದರೆ ‘ಅಂತೆ’ಯ ಸುಳಿವೇ ಇಲ್ಲದೆಯೂ ಉಪಮೆ ಇರಬಹುದು. ಅದೇ ಅಧ್ಯಾಯದಲ್ಲಿ ಕತ್ತಲು ಮೈಗೆ ಬಳಿಯುತ್ತಿರುವಂತಿದೆ, ಆಕಾಶ ಕಾಡಿಗೆಯ ಮಳೆ ಸುರಿಸುತ್ತಿರುವಂತಿದೆ ಎಂಬ ಪ್ರಸಿದ್ಧ ಪದ್ಯವನ್ನು ಎತ್ತಿಕೊಂಡು, ಇಲ್ಲಿ ‘ಇವ’ ಎಂಬ ಶಬ್ದ ಕಿವಿಗೆ ಬಿದ್ದ ಮಾತ್ರಕ್ಕೆ ಕೆಲವರಿಗೆ ಉಪಮೆಯೆಂಬ ಭ್ರಾಂತಿ ಹುಟ್ಟುತ್ತದೆ ಎನ್ನುತ್ತಾನೆ. ಅವನ ವಾದದ ತಿರುಳು ಇಷ್ಟು: ಬಳಿಯುವುದು ಎಂಬುದು ಕ್ರಿಯೆ, ಯಾವುದಕ್ಕೆ ಹೋಲಿಸಲಾಗಿದೆಯೋ ಆ ವಸ್ತು ಇಲ್ಲಿ ದೊರೆಯುವುದೇ ಇಲ್ಲ, ಆದ್ದರಿಂದ ಇದು ಉತ್ಪ್ರೇಕ್ಷೆ, ಅಂದರೆ ಒಂದನ್ನು ಇನ್ನೊಂದೆಂದು ಕಲ್ಪಿಸಿ ಹೇಳುವ ಅಲಂಕಾರ. ಸಂಸ್ಕೃತ ಬಲ್ಲ ವಿದ್ವಾಂಸರೇ ‘ಇವ’ವನ್ನು ಕೇಳಿ ಮೋಸಹೋಗುತ್ತಿದ್ದರೆಂದ ಮೇಲೆ, ‘ಅಂತೆ’ಯನ್ನು ಕಂಡು ಮೋಸಹೋದ ಹದಿಮೂರರ ಮಕ್ಕಳ ಮೇಲೆ ಕೆಂಪು ಶಾಯಿ ಹರಿಸುವುದು ನನಗೆ ಸರಿಕಾಣಲಿಲ್ಲ.

ಗಾದೆಯಿಂದ ಮತ್ತೆ ಆರಂಭ

ಲಕ್ಷಣವನ್ನು ಬದಿಗಿಟ್ಟು, ಮನೆಯಲ್ಲಿ ಬಳಸುವ “ಹಂಗೆ” ಮಾತುಗಳನ್ನು ಕೇಳಿಕೊಂಡು ಬರಲು ಹೇಳಿದೆ. ಬಂದವುಗಳಲ್ಲಿ ಹಲವನ್ನು ತರಗತಿಯಲ್ಲಿ ಹೇಳುವಂತಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ, ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎಂಬ ಎರಡನ್ನು ಉಳಿಸಿಕೊಂಡೆ. ಎರಡನೆಯದು ಹೆಚ್ಚು ಉಪಯುಕ್ತವಾಯಿತು.

“ಏನನ್ನು ಹೊಳೆಯಲ್ಲಿ ತೊಳೆದ ಹುಣಿಸೆಹಣ್ಣಿಗೆ ಹೋಲಿಸಿದ್ದಾರೆ?” ಎಂದು ಕೇಳಿದಾಗ ಎಲ್ಲರೂ ಸುಮ್ಮನಾದರು. ಗಾದೆಯಲ್ಲಿ ಉಪಮೇಯವೇ ಇಲ್ಲ. ಅದನ್ನು ಮಾತಾಡುವವರು ಪ್ರತಿ ಸಲವೂ ಹೊಸದಾಗಿ ಒದಗಿಸುತ್ತಾರೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಪರೀಕ್ಷೆ ಹಿಂದ್ಲ ದಿನ ಓದಿದ್ದು ಮಿಸ್” ಎಂದ. ಇನ್ನೊಬ್ಬಳು, “ನಮ್ಮಪ್ಪ ಕಬ್ಬಿನ ದುಡ್ಡು ತಂದಿದ್ದು” ಎಂದಳು. ಆಗ ಎರಡು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದೆ, ಮುಂದಿನ ಎಲ್ಲ ಪಾಠಗಳಲ್ಲಿಯೂ ಅವು ಅಲ್ಲಿಯೇ ಉಳಿದವು: ಯಾವುದರಲ್ಲಿ ಒಂದೇ? ಯಾವುದರಲ್ಲಿ ಬೇರೆ?

ಮೊದಲನೆಯದು ಸಮಾನಧರ್ಮವನ್ನೇ ಕೇಳುವ ಪ್ರಶ್ನೆ, ಹೊಸದೇನಲ್ಲ. ಎರಡನೆಯದು ಪಠ್ಯಕ್ರಮದ ಚೌಕಟ್ಟಿನಲ್ಲಿಲ್ಲ, ಆದರೆ ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಮಾಡಿದ್ದು ಅದೇ. ನಿನ್ನೆ ಓದಿದ್ದೂ ಹುಣಿಸೆಹಣ್ಣೂ ಕೈಯಲ್ಲಿದ್ದದ್ದು ಕರಗಿಹೋಗುವುದರಲ್ಲಿ ಒಂದೇ; ಒಂದು ಹುಳಿ, ಇನ್ನೊಂದಕ್ಕೆ ರುಚಿಯೇ ಇಲ್ಲ ಎಂಬಲ್ಲಿ ಬೇರೆ. ನೀರೂ ಕನ್ನಡಿಯೂ ಮುಖ ತೋರಿಸುವುದರಲ್ಲಿ, ಹೊಳೆಯುವುದರಲ್ಲಿ ಒಂದೇ. ಕನ್ನಡಿ ಒಡೆಯುತ್ತದೆ, ನೀರು ಒಡೆಯುವುದಿಲ್ಲ. ಹೋಲಿಕೆಯಿರಬೇಕಾದರೆ ಎರಡು ಬೇರೆ ಬೇರೆ ವಸ್ತುಗಳು ಇರಬೇಕು, ಅವು ಒಂದು ಅಂಶದಲ್ಲಿ ಮಾತ್ರ ಕೂಡಬೇಕು ಎಂಬುದು ಈ ಪ್ರಶ್ನೆಗಳಿಂದ ಅವರಿಗೆ ತಾನಾಗಿ ತಿಳಿಯಿತು. ಅಜ್ಜಿಯನ್ನು ಉಪಮಾನ ಮಾಡಿದ್ದ ಹುಡುಗಿಗೆ ಅವಳದೇ ಉತ್ತರವನ್ನು ಕೊಟ್ಟು ಅವೇ ಪ್ರಶ್ನೆಗಳನ್ನು ಕೇಳಿದೆ. ಸ್ವಲ್ಪ ಹೊತ್ತು ನೋಡಿ, “ಅಜ್ಜಿ ಬಾವಿ ತಾವ ಹೋಗ್ಲಿಲ್ಲ ಅಂತ ಎಲ್ಲೂ ಬರ್ದೇ ಇಲ್ವಲ್ಲ ಮಿಸ್” ಎಂದಳು. ತಪ್ಪನ್ನು ಇಷ್ಟು ನಿಖರವಾಗಿ ನಾನು ಕೂಡ ಹೇಳಿರಲಿಲ್ಲ.

ಬಳಿಕ ಬಸವಣ್ಣನ ವಚನವೊಂದಕ್ಕೆ ಹೋದೆವು: “ನುಡಿದರೆ ಮುತ್ತಿನ ಹಾರದಂತಿರಬೇಕು, ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು, ನುಡಿದರೆ ಸ್ಫಟಿಕದ ಸಲಾಕೆಯಂತಿರಬೇಕು.” ಇದನ್ನು ಆರಿಸಿಕೊಂಡದ್ದಕ್ಕೆ ಕಾರಣ ಇಲ್ಲಿ ಮೂರು ಉಪಮೆಗಳಿದ್ದರೂ ಒಂದಕ್ಕೂ ಸಮಾನಧರ್ಮವನ್ನು ಹೇಳದೆ ಬಿಟ್ಟಿರುವುದು. ಶಾಸ್ತ್ರ ಇದನ್ನು ಲುಪ್ತೋಪಮೆ ಎನ್ನುತ್ತದೆ. ಕ್ರಿಯಾಪದದಿಂದ ಸಮಾನಧರ್ಮವನ್ನು ಎತ್ತಿಕೊಳ್ಳುವ ಹಳೆಯ ಚಾಳಿ ಇಲ್ಲಿ ಏನೂ ಕೊಡುವುದಿಲ್ಲ. ‘ಇರಬೇಕು’ ಎಂಬುದಷ್ಟೇ ಕೈಗೆ ಬರುತ್ತದೆ. ಮಕ್ಕಳು ಮುತ್ತಿನ ಹಾರದ ಮುಂದೆ ಬಹಳ ಹೊತ್ತು ನಿಂತರು. ಬೆಲೆ, ಹೊಳಪು, ಚೆಲುವು ಎಂಬ ನಿರೀಕ್ಷಿತ ಉತ್ತರಗಳ ನಂತರ, ಮನೆಯಲ್ಲಿ ಹೂ ಕಟ್ಟುವ ಒಬ್ಬಳು, “ಮುತ್ತು ಕಾಣುತ್ತೆ, ಒಳಗಿನ ದಾರ ಕಾಣಲ್ಲ. ಮಾತು ಪೋಣಿಸಿರ್ಬೇಕು, ಪೋಣಿಸಿದ್ದು ಗೊತ್ತಾಗ್ಬಾರ್ದು” ಎಂದಳು. ಈ ವಚನವನ್ನು ಎಷ್ಟೋ ವರ್ಷ ಕಲಿಸಿರುವ ನನಗೆ ಆ ದಾರ ಎಂದೂ ಕಂಡಿರಲಿಲ್ಲ.

ಸಲಾಕೆಯ ಮೇಲೆ ವಾದವಾಯಿತು. ನೇರವಾಗಿರಬೇಕು, ಒಳಗು ಕಾಣುವಂತೆ ತಿಳಿಯಾಗಿರಬೇಕು ಎಂದು ಕೆಲವರು. ಸಲಾಕೆಯೆಂದರೆ ಚುಚ್ಚುವಂಥದ್ದು, ಆದ್ದರಿಂದ ಮಾತು ಚುಚ್ಚಬೇಕು ಎಂದು ಇಬ್ಬರು. ಅವರ ಮಟ್ಟಿಗೆ ಸಲಾಕೆಯೆಂದರೆ ಕಬ್ಬಿಣದ್ದು. ಅವರನ್ನು ತಪ್ಪೆಂದು ಕೂರಿಸುವುದು ಸುಲಭವಾಗಿತ್ತು. ಬದಲಿಗೆ, ಚುಚ್ಚುವುದು ಮುತ್ತಿನ ಹಾರದ ಜೊತೆಗೆ, ಮಾಣಿಕ್ಯದ ಬೆಳಕಿನ ಜೊತೆಗೆ, ಮುಂದೆ ಬರುವ “ಲಿಂಗ ಮೆಚ್ಚಿ ಅಹುದಹುದೆನಬೇಕು” ಎಂಬುದರ ಜೊತೆಗೆ ಕೂಡುತ್ತದೆಯೇ ನೋಡಿ ಎಂದೆ. ಒಬ್ಬ ಬಿಟ್ಟುಕೊಟ್ಟ. ಇನ್ನೊಬ್ಬ, ನಿಜ ಹೇಳಿದರೆ ಚುಚ್ಚುತ್ತದೆ, ಲಿಂಗ ಅದನ್ನೂ ಮೆಚ್ಚಬಹುದು ಎಂದು ಪಟ್ಟುಹಿಡಿದ. ಅವನ ಉತ್ತರಕ್ಕೆ ನಾನು ಅಂಕ ಕೊಡುವೆ. ಪಠ್ಯದ ಸಾಲಿಗೆ ಒಪ್ಪಿಸಿ ವಾದಿಸಿದ ಸಮಾನಧರ್ಮ ಅದು, ಗೈಡ್ ಪುಸ್ತಕದಿಂದ ಇಳಿಸಿಕೊಂಡದ್ದಲ್ಲ.

ಕಾಲೇ ಕಂಬ

ಸೂತ್ರದ ಎರಡನೆಯ ಅರ್ಧ, ಅಂದರೆ “ಅಂತೆ ಇಲ್ಲದಿದ್ದರೆ ರೂಪಕ” ಎಂಬುದು, ಮೊದಲನೆಯದಕ್ಕಿಂತ ಹೆಚ್ಚು ಕೆಟ್ಟದ್ದು. ಅದು ರೂಪಕವನ್ನು ‘ಅಂತೆ’ ಕಳೆದುಕೊಂಡ ಉಪಮೆಯಾಗಿ ಮಾಡುತ್ತದೆ. ಇದನ್ನು ಸಡಿಲಿಸಲು ಮೊದಲು “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ” ಎಂಬ ಒಗಟನ್ನು ಕೇಳಿದೆ. ಮಲ್ಲಿಗೆ ಎಂಬ ಉತ್ತರ ತಡವಿಲ್ಲದೆ ಬಂತು. ಮಲ್ಲಿಗೆ ಮೊಸರಿನಂತಿದೆ, ಮಲ್ಲಿಗೆಯೇ ಮೊಸರು, ಮೊಸರು ಚೆಲ್ಲಿದೆ ಎಂದು ಮೂರು ಮೆಟ್ಟಿಲು ಬರೆದು, ಪ್ರತಿ ಮೆಟ್ಟಿಲಿನಲ್ಲಿ ಮಲ್ಲಿಗೆಗೆ ಏನಾಯಿತು ಎಂದು ಕೇಳಿದೆ. ಮೊದಲು ಎರಡೂ ಇದ್ದವು, ಆಮೇಲೆ ಎರಡೂ ಒಂದಾದವು, ಕೊನೆಗೆ ಮೊಸರು ಮಲ್ಲಿಗೆಯನ್ನು ನುಂಗಿಬಿಟ್ಟಿತು ಎಂದರು. ಕೊನೆಯ ಮೆಟ್ಟಿಲಿಗೆ ಆಲಂಕಾರಿಕರು ಕೊಟ್ಟಿರುವ ರೂಪಕಾತಿಶಯೋಕ್ತಿ ಎಂಬ ಹೆಸರನ್ನು ನಾನು ಹೇಳಲಿಲ್ಲ. ಆ ದಿನಕ್ಕೆ ‘ನುಂಗಿತು’ ಸಾಕಾಗಿತ್ತು.

ಅನಂತರದ ಎರಡು ಅವಧಿಗಳು ಬಸವಣ್ಣನ ಇನ್ನೊಂದು ವಚನಕ್ಕೆ ಹೋದವು.

“ಉಳ್ಳವರು ಶಿವಾಲಯವ ಮಾಡುವರು,
ನಾನೇನ ಮಾಡುವೆ ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.”

‘ಕಾಲೇ’, ‘ದೇಹವೇ’, ‘ಶಿರವೇ’ ಎಂಬಲ್ಲಿರುವ ‘ಏ’ಕಾರವನ್ನು ತೆಗೆದು ‘ಅಂತೆ’ ಹಾಕಿ ಓದಿ ಎಂದೆ. “ನನ್ನ ಕಾಲು ಕಂಬದಂತಿದೆ” ಎಂದು ಓದಿದವನು ತನ್ನ ಕಾಲನ್ನೇ ನೋಡಿಕೊಂಡ. ಪಕ್ಕದವನು, “ಆನೆಕಾಲು” ಎಂದ. ತರಗತಿ ಹಿಡಿತಕ್ಕೆ ಬರಲು ಐದು ನಿಮಿಷ ಬೇಕಾಯಿತು. ಆದರೆ ಬೇಕಾದದ್ದು ಸಿಕ್ಕಿತ್ತು. ಉಪಮೆಯಾದ ಕೂಡಲೇ ಸಾಲು ಕಾಲಿನ ಗಾತ್ರದ ಬಗೆಗಿನ ಮಾತಾಗಿಬಿಡುತ್ತದೆ, ದೇವಾಲಯ ಕಣ್ಮರೆಯಾಗುತ್ತದೆ. ರೂಪಕದಲ್ಲಿ ಕಾಲು ಕಂಬದ ಕೆಲಸವನ್ನು ವಹಿಸಿಕೊಳ್ಳುತ್ತದೆ. ಕಂಬ ಎತ್ತಿ ಹಿಡಿಯುವುದನ್ನು ಕಾಲು ಎತ್ತಿ ಹಿಡಿಯುತ್ತದೆ, ಹಾಗೆಯೇ ದೇಹ ಗರ್ಭಗುಡಿಯಾಗುತ್ತದೆ, ತಲೆ ಶಿಖರದ ತುದಿಗೇರುತ್ತದೆ. ಬುಡದಿಂದ ತುದಿಯವರೆಗೆ ಒಂದು ಗುಡಿ ಕಟ್ಟಿದ ಕ್ರಮ ಅದು. ಇಲ್ಲಿ ಒಂದೊಂದು ರೂಪಕವನ್ನು ಬಿಡಿಬಿಡಿಯಾಗಿ ಹೆಸರಿಸಿ ಅಂಕ ಪಡೆಯುವುದು ಸಾಧ್ಯ, ಆದರೆ ಕ್ರಮವನ್ನು ಕಾಣದಿದ್ದರೆ ವಚನ ಕಂಡಂತಲ್ಲ.

“ಯಾವುದರಲ್ಲಿ ಬೇರೆ?” ಎಂಬ ಪ್ರಶ್ನೆ ಇಲ್ಲಿ ನಿಲ್ಲಲಾರದೆಂದು ನಾನು ಭಾವಿಸಿದ್ದೆ, ಏಕೆಂದರೆ ರೂಪಕ ಅಭೇದವನ್ನು ಹೇಳುತ್ತದೆ. ಆದರೆ ಮಕ್ಕಳು ಅಭ್ಯಾಸಬಲದಿಂದ ಅದನ್ನೂ ಕೇಳಿಕೊಂಡರು. “ಕಂಬ ನಡಿಯಲ್ಲ, ಕಾಲು ನಡಿಯುತ್ತೆ” ಎಂದು ಒಬ್ಬಳು ಹೇಳಿದಾಗ, ಕೊನೆಯ ಸಾಲಿನ ಸ್ಥಾವರ ಜಂಗಮಗಳನ್ನು ನಾನು ವಿವರಿಸುವ ಅಗತ್ಯವೇ ಉಳಿಯಲಿಲ್ಲ. ಕಾಲೂ ಕಂಬವೂ ಒಂದೇ ಎಂದು ಹೇಳಿ ಗುಡಿ ಕಟ್ಟಿದ ವಚನ, ಕೊನೆಗೆ ಅವು ಒಂದಲ್ಲ, ನಿಂತದ್ದು ಬೀಳುತ್ತದೆ, ನಡೆಯುವುದು ಉಳಿಯುತ್ತದೆ ಎಂದು ತಾನು ಕಟ್ಟಿದ ಸಾಮ್ಯವನ್ನೇ ತಿರುಗಿಸುತ್ತದೆ. ಈ ತಿರುವನ್ನು ನಾನು ಪಾಠಯೋಜನೆಯಲ್ಲಿ ಬರೆದುಕೊಂಡಿರಲಿಲ್ಲ.

ಇದೇ ವಚನ ನಮ್ಮನ್ನು ಅಲಂಕಾರದಿಂದ ಆಚೆಗೂ ಕರೆದೊಯ್ದಿತು. ಸಮಾಜ ವಿಜ್ಞಾನದ ಪಾಠವನ್ನು ಚೆನ್ನಾಗಿ ಓದಿದ್ದ ಹುಡುಗನೊಬ್ಬ, ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದವನಲ್ಲವೇ, ಅವನು ಬಡವ ಹೇಗಾದ ಎಂದು ಕೇಳಿದ. ಸುಳ್ಳು ಹೇಳಿದ್ದಾನೆಯೇ ಎಂಬ ಧ್ವನಿ ಆ ಪ್ರಶ್ನೆಯಲ್ಲಿತ್ತು. ಕವಿತೆಯೊಳಗಿನ ‘ನಾನು’ ಯಾರು ಎಂಬುದನ್ನು ಎಂಟನೆಯ ತರಗತಿಯಲ್ಲಿ ಎತ್ತಬೇಕೆಂದು ನಾನು ಯೋಚಿಸಿರಲಿಲ್ಲ. ಪಾತ್ರ, ಸನ್ನಿವೇಶ, ಸಂಭಾಷಣೆ ಎಂಬ ಪದಗಳನ್ನು ಕಥೆಗೆ ಮಾತ್ರ ಬಳಸಿ, ಪದ್ಯ ಬಂದ ಕೂಡಲೇ “ಕವಿ ಹೇಳುತ್ತಾನೆ” ಎಂದು ಮುಗಿಸುವುದೇ ನಮ್ಮ ರೂಢಿ. ಮೂರು ಪ್ರಶ್ನೆ ಕೇಳಿದೆ: ಈ ವಚನದಲ್ಲಿ ಮಾತಾಡುತ್ತಿರುವವರು ಯಾರು, ಯಾರೊಡನೆ, ಯಾರ ಎದುರಿಗೆ ನಿಂತು? ಕೂಡಲಸಂಗಮದೇವನೊಡನೆ ಎಂಬುದು ಸಾಲಿನಲ್ಲಿಯೇ ಇದೆ. ಉಳ್ಳವರ ಎದುರಿಗೆ ಎಂಬುದೂ ಇದೆ. ಮಾತಾಡುವವರು ಗುಡಿ ಕಟ್ಟಲು ಶಕ್ತಿಯಿಲ್ಲದ ಯಾರಾದರೂ ಆಗಬಹುದು. ಭಂಡಾರಿ ಬಸವಣ್ಣ ಆ ಬಡವನ ಬಾಯಿಂದ ಮಾತಾಡುತ್ತಿರಬಹುದು, ದೇವರ ಮುಂದೆ ತಾನೂ ಬಡವನೆಂದು ಹೇಳುತ್ತಿರಬಹುದು. ಎರಡನ್ನೂ ಹಲಗೆಯ ಮೇಲೆ ಬರೆದು ಬಿಟ್ಟೆ. ಪ್ರಶ್ನೆ ಕೇಳಿದ ಹುಡುಗನಿಗೆ ಎರಡನೆಯದು ಒಪ್ಪಿಗೆಯಾಗಲಿಲ್ಲ; ಅದು ಜಾರಿಕೊಳ್ಳುವ ಉತ್ತರ ಎಂಬುದು ಅವನ ನಿಲುವು, ಅದರಲ್ಲಿ ಸ್ವಲ್ಪ ಹುರುಳೂ ಇದೆ.

ಫಲ, ಮತ್ತು ತೆತ್ತ ಬೆಲೆ

ಮೂರು ಅವಧಿಗಳ ಪಾಠ ಏಳು ಅವಧಿಗಳಾಯಿತು. ಅಷ್ಟರಮಟ್ಟಿಗೆ ಬೇರೊಂದು ಗದ್ಯಪಾಠವನ್ನು ಓಡಿಸಬೇಕಾಯಿತು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಈ ಅನುಭವವನ್ನು ಹಂಚಿಕೊಂಡಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಮೇಡಂ, ಕೊನೆಗೆ ಮೌಲ್ಯಮಾಪನದಲ್ಲಿ ಕೇಳೋದು ಆ ನಾಲ್ಕು ಸಾಲೇ ಅಲ್ವೇ?” ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಸೂತ್ರ ನಂಬಿ ಪೂರ್ಣಾಂಕ ಪಡೆಯುತ್ತಿದ್ದ ಮೂವರು ಮುಂದಿನ ಕಿರುಪರೀಕ್ಷೆಯಲ್ಲಿ ಸಮಾನಧರ್ಮದ ಜಾಗವನ್ನು ಖಾಲಿ ಬಿಟ್ಟರು. ಏನೋ ಒಂದನ್ನು ತುಂಬುವ ಧೈರ್ಯ ಅವರಿಗೆ ಹೋಗಿತ್ತು, ಹುಡುಕುವ ಅಭ್ಯಾಸ ಇನ್ನೂ ಬಂದಿರಲಿಲ್ಲ. ಆ ಮೂವರ ಮಟ್ಟಿಗೆ ಈ ಮರುಬೋಧನೆ ನಷ್ಟವೇ. ಅವರಿಗಾಗಿ ನಾಲ್ಕು ಅಂಗಗಳ ಕೋಷ್ಟಕವನ್ನು ಮತ್ತೆ ತಂದೆ, ಆದರೆ ಮನೆಗಳ ಕ್ರಮವನ್ನು ಬದಲಿಸಿದೆ: ಮೊದಲು ಉಪಮೇಯ, ಉಪಮಾನ, ಆಮೇಲೆ ಸಮಾನಧರ್ಮ, ಎಲ್ಲದರ ಕೊನೆಗೆ ಉಪಮಾವಾಚಕ.

ನಾನು ಮಾಡಿಕೊಂಡ ಇನ್ನೊಂದು ಬದಲಾವಣೆ ಪ್ರಶ್ನೆಪತ್ರಿಕೆಯದು. ಐದು ವಾಕ್ಯ ಕೊಟ್ಟರೆ ಅವುಗಳಲ್ಲಿ ಒಂದಾದರೂ ಅಲಂಕಾರವಿಲ್ಲದ್ದನ್ನು ಸೇರಿಸುತ್ತೇನೆ, ‘ಅಲಂಕಾರವಿಲ್ಲ’ ಎಂಬುದೂ ಸರಿಯುತ್ತರವಾಗಬಹುದೆಂದು ಸೂಚನೆಯಲ್ಲಿಯೇ ಬರೆಯುತ್ತೇನೆ. ಹೀಗೆ ಮಾಡಿದ ಮೊದಲ ಪರೀಕ್ಷೆಯಲ್ಲಿ ‘ಎಂದಿನಂತೆ’ಯನ್ನು ಹೆಚ್ಚಿನವರು ಹಿಡಿದರು. ಕೆಲವರು ಅತಿ ಎಚ್ಚರದಿಂದ ನಿಜವಾದ ಉಪಮೆಯೊಂದಕ್ಕೂ ‘ಇಲ್ಲ’ ಎಂದು ಬರೆದರು.

ಉತ್ಪ್ರೇಕ್ಷೆಯನ್ನು ಈ ವರ್ಷ ನಾನು ಕಲಿಸಿಲ್ಲ. ಆದರೂ ಆ ಪರೀಕ್ಷೆಯ ಐದನೆಯ ವಾಕ್ಯವಾಗಿ “ಕತ್ತಲು ಊರಿಗೆಲ್ಲ ಮಸಿ ಬಳಿಯುತ್ತಿರುವಂತೆ ಕಂಡಿತು” ಎಂಬುದನ್ನು, ಏನು ಮಾಡುತ್ತಾರೋ ನೋಡೋಣವೆಂದು, ಸೇರಿಸಿದ್ದೆ. ಬಹುಪಾಲು ಮಕ್ಕಳು ಉಪಮೆ ಎಂದೇ ಬರೆದು ಮಸಿಯನ್ನು ಉಪಮಾನವಾಗಿಸಿದ್ದರು. ಅಜ್ಜಿಯನ್ನು ಹೋಲಿಸಿದ್ದ ಆ ಹುಡುಗಿ ಮಾತ್ರ ಉಪಮೇಯದ ಮುಂದೆ ‘ಕತ್ತಲು’ ಎಂದು ಬರೆದು, ಉಪಮಾನದ ಮನೆಯಲ್ಲಿ ಮೊದಲು ‘ಮಸಿ’ ಎಂದು ಬರೆದು ಹೊಡೆದುಹಾಕಿ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, “ಯಾರು ಬಳಿದಂತೆ ಎಂದು ಹೇಳಿಲ್ಲ. ಉಪಮಾನ ಸಿಗಲಿಲ್ಲ” ಎಂದು ಬರೆದಿದ್ದಳು. ಅಲಂಕಾರದ ಹೆಸರನ್ನು ಬರೆದಿರಲಿಲ್ಲ. ಆ ಖಾಲಿ ಜಾಗಕ್ಕೆ ಪೂರ್ಣಾಂಕ ಹಾಕಿದೆ.